ಬಿಳಿ ಕೋಟು ತೊಟ್ಟ ಕಥೆಗಳು



ವೈಜ್ಞಾನಿಕ ಕಥಾಚಿತ್ರಗಳಲ್ಲಿ ತೋರಿಸುವ ವಿಜ್ಞಾನ ಎಷ್ಟು ನಿಜ ಎಂಬುದು ಇಂದಿನ ಮಾತಿನ ವಿಷಯ. ‘ಸಿನಿಮಾ ಅಂದಮೇಲೆ ಕಥೆ. ಕಥೆಯಲ್ಲಿ ನಿಜ ಯಾವುದು, ಸುಳ್ಳು ಯಾವುದು ಎಂದು ಹುಡುಕುತ್ತ ಕುಳಿತರೆ ಮನರಂಜನೆ ಎಲ್ಲಿ ಉಳಿಯಿತು?’ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ಅಲ್ಲಿಂದಲೇ ಹೊರಡೋಣ.

ನಿಮ್ಮ ಊರಿನ ಬಯಲಾಟವನ್ನು ನೆನಪಿಸಿಕೊಳ್ಳಿ. ರಾಕ್ಷಸ ಪಾತ್ರಧಾರಿ ಬಂದು, ತಾನು ಪರ್ವತವನ್ನೇ ಎತ್ತಿದೆನೆಂದು ಹೇಳುತ್ತಾನೆ. ಪ್ರೇಕ್ಷಕರಲ್ಲಿ ಯಾರೂ ‘ಪರ್ವತದ ತೂಕ ಎಷ್ಟು?’ ಎಂದು ಕೇಳುವುದಿಲ್ಲ. ಏಕೆಂದರೆ ಬಯಲಾಟ ತಾನು ಪುರಾಣವೆಂದು ಮೊದಲೇ ಒಪ್ಪಿಕೊಂಡಿರುತ್ತದೆ. ವೈಜ್ಞಾನಿಕ ಕಥಾಚಿತ್ರ ಹಾಗಲ್ಲ. ಅದು ಬಿಳಿ ಕೋಟು ತೊಟ್ಟು ಬರುತ್ತದೆ. ಸೂತ್ರ, ಯಂತ್ರ, ವಿಕಿರಣ, ಪ್ರಯೋಗಾಲಯ ಎಂಬ ಮಾತುಗಳನ್ನಾಡುತ್ತದೆ. ‘ನನ್ನನ್ನು ನಂಬಿ, ಇದು ವಿಜ್ಞಾನ’ ಎನ್ನುತ್ತದೆ. ವಿಜ್ಞಾನದ ಹೆಸರು ಹೇಳಿ ನಂಬಿಕೆ ಪಡೆದವರನ್ನು ವಿಜ್ಞಾನದ ಪ್ರಶ್ನೆ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಹಾಗೆಂದು ಎಲ್ಲವನ್ನೂ ಅಲ್ಲಗಳೆಯಬೇಕಾಗಿಲ್ಲ. ಇದಕ್ಕೆ ನಮ್ಮ ಪುರಾಣದಲ್ಲಿಯೇ ಒಳ್ಳೆಯ ನಿಯಮವಿದೆ. ಭಸ್ಮಾಸುರನಿಗೆ ಒಂದು ವರ ಸಿಕ್ಕಿತು: ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಸುಟ್ಟು ಬೂದಿಯಾಗಬೇಕು. ಆ ವರವನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ಕೊನೆಗೆ ಅವನು ತನ್ನದೇ ತಲೆಯ ಮೇಲೆ ಕೈಯಿಟ್ಟಾಗ ವರ ತನ್ನ ಮಾತಿಗೆ ತಪ್ಪುವುದಿಲ್ಲ. ಕಥೆಯ ಸೊಗಸು ಇರುವುದು ಅಲ್ಲಿಯೇ. ವೈಜ್ಞಾನಿಕ ಕಥಾಚಿತ್ರಕ್ಕೂ ನಾವು ಒಂದು ವರವನ್ನು ಕೊಡೋಣ. ಆಮೇಲೆ ಆ ವರದ ಪರಿಣಾಮಗಳನ್ನು ಚಿತ್ರ ಪ್ರಾಮಾಣಿಕವಾಗಿ ತೋರಿಸುತ್ತದೆಯೇ ಎಂದು ನೋಡೋಣ.

ಶೇಖರ್ ಕಪೂರ್ ನಿರ್ದೇಶಿಸಿದ ‘ಮಿಸ್ಟರ್ ಇಂಡಿಯಾ’ (1987) ಹಿಂದಿ ಚಿತ್ರದಲ್ಲಿ ನಾಯಕ ಒಂದು ಸಾಧನದಿಂದ ಅದೃಶ್ಯನಾಗುತ್ತಾನೆ. ಕೆಂಪು ಬೆಳಕಿನಲ್ಲಿ ಮಾತ್ರ ಕಾಣಿಸುತ್ತಾನೆ. ಇದು ವರ, ಇರಲಿ. ಆದರೆ ನಮಗೆ ಕಣ್ಣು ಕಾಣುವುದು ಹೇಗೆ? ಒಳಗೆ ಬಂದ ಬೆಳಕನ್ನು ಅಕ್ಷಿಪಟಲ ಹೀರಿಕೊಳ್ಳುವುದರಿಂದ. ಬೆಳಕೆಲ್ಲ ದೇಹದ ಮೂಲಕ ಹಾದುಹೋಗುವುದಾದರೆ ಅಕ್ಷಿಪಟಲಕ್ಕೆ ಏನೂ ಸಿಗುವುದಿಲ್ಲ. ಅಂದಮೇಲೆ ಪೂರ್ಣವಾಗಿ ಅದೃಶ್ಯನಾದವನು ಪೂರ್ಣವಾಗಿ ಕುರುಡನೂ ಆಗಿರಬೇಕು! ಇಷ್ಟನ್ನು ಯೋಚಿಸಿದ ಮಾತ್ರಕ್ಕೆ ಚಿತ್ರದ ಸಂತೋಷ ಕಡಿಮೆಯಾಗುವುದಿಲ್ಲ. ಕಣ್ಣಿನ ಪಾಠ ಮಾತ್ರ ಎಂದಿಗೂ ಮರೆಯುವುದಿಲ್ಲ.

ದೃಶ್ಯಮಾಧ್ಯಮದಲ್ಲಿ ಕೆಲಸ ಮಾಡುವವನಾಗಿ ಒಂದು ಮಾತನ್ನು ಹೇಳಬೇಕು. ಇಂಥ ತಪ್ಪುಗಳೆಲ್ಲ ಅಜ್ಞಾನದಿಂದ ಆಗುವುದಿಲ್ಲ. ಕ್ಯಾಮೆರಾಕ್ಕೆ ತನ್ನದೇ ಆದ ಹಸಿವು ಇದೆ. ನಿಜವಾದ ಪ್ರಯೋಗಾಲಯದಲ್ಲಿ ಹೆಚ್ಚಿನ ದ್ರಾವಣಗಳು ನೀರಿನಂತೆ ಬಣ್ಣವಿಲ್ಲದವು. ತೆರೆಯ ಮೇಲೆ ಅವು ಸಪ್ಪೆ. ಹೀಗಾಗಿ ಮೈಲುತುತ್ತದ ನೀಲಿ, ಪೊಟ್ಯಾಸಿಯಂ ಪರ್ಮಾಂಗನೇಟಿನ ನೇರಳೆ, ಒಣ ಮಂಜುಗಡ್ಡೆಯ ಹೊಗೆ ಇವೆಲ್ಲ ಬರುತ್ತವೆ. ಬಾಹ್ಯಾಕಾಶದಲ್ಲಿ ಶಬ್ದವನ್ನು ಒಯ್ಯಲು ಗಾಳಿ ಇಲ್ಲ. ಆದರೂ ಹೆಚ್ಚಿನ ಚಿತ್ರಗಳಲ್ಲಿ ಆಕಾಶನೌಕೆ ಸಿಡಿದಾಗ ಚಿತ್ರಮಂದಿರ ನಡುಗುತ್ತದೆ. ಸ್ಟಾನ್ಲಿ ಕ್ಯೂಬ್ರಿಕ್ 1968ರಲ್ಲಿ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರ ಮಾಡಿದಾಗ ನೌಕೆಯ ಹೊರಗಿನ ಕೆಲವು ದೃಶ್ಯಗಳಲ್ಲಿ ನಿಶ್ಶಬ್ದವನ್ನೇ ಉಳಿಸಿದರು. ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಇನ್ನೂ ಒಂದು ವರ್ಷವಿತ್ತು. ಆ ಮೌನ ಇಂದಿಗೂ ಯಾವ ಸ್ಫೋಟಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ವಿಜ್ಞಾನಕ್ಕೆ ನಿಷ್ಠೆಯಿಂದಿದ್ದರೆ ಚಿತ್ರ ಸಪ್ಪೆಯಾಗುತ್ತದೆ ಎಂಬ ಮಾತು ನಿಜವಲ್ಲ.

ಇನ್ನು ಒಂದು ಚಿಕ್ಕ ಪ್ರಯಾಣ ಮಾಡೋಣ. ರಾಯಚೂರು ಜಿಲ್ಲೆಯಲ್ಲಿ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯ ನಡುವೆ ಮಸ್ಕಿ ಸಿಗುತ್ತದೆ. ಈ ಮೂರು ಊರುಗಳಲ್ಲಿ ನಿಂತು ಮೂರು ಚಿತ್ರಗಳನ್ನು ನೋಡೋಣ. ಪ್ರಯೋಗಾಲಯಕ್ಕಾಗಿ ದೂರ ಹೋಗಬೇಕಿಲ್ಲ ಎಂಬುದು ನಿಮಗೇ ತಿಳಿಯುತ್ತದೆ.

ಮೊದಲು ಸಿಂಧನೂರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಪ್ಪು ಮಣ್ಣು, ಕಣ್ಣು ಹಾಯುವವರೆಗೆ ಭತ್ತ. ಇಲ್ಲಿನ ರೈತನೊಬ್ಬನ ಪಕ್ಕದಲ್ಲಿ ಕುಳಿತು ‘ದಿ ಮಾರ್ಷಿಯನ್’ (2015) ಚಿತ್ರವನ್ನು ನೋಡುತ್ತಿದ್ದೀರಿ ಎಂದುಕೊಳ್ಳಿ. ಮಂಗಳ ಗ್ರಹದಲ್ಲಿ ಬಿರುಗಾಳಿ ಎದ್ದು ಗಗನಯಾತ್ರಿಗಳು ಓಡಿಹೋಗುತ್ತಾರೆ. ಒಬ್ಬ ಮಾತ್ರ ಅಲ್ಲಿಯೇ ಉಳಿಯುತ್ತಾನೆ. ಹೊಟ್ಟೆಪಾಡಿಗಾಗಿ ಮಂಗಳದ ಮಣ್ಣಿನಲ್ಲಿ ಆಲೂಗಡ್ಡೆ ಬೆಳೆಯುತ್ತಾನೆ.

ಬಿರುಗಾಳಿಯನ್ನು ಮೊದಲು ತೆಗೆದುಕೊಳ್ಳೋಣ. ಮಂಗಳದ ವಾತಾವರಣದ ಒತ್ತಡ ಭೂಮಿಯದರ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಗಾಳಿಯ ಹೊಡೆತ ಅದರ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅವಲಂಬಿಸಿರುತ್ತದೆ. ಲೆಕ್ಕ ಮಾಡಿದರೆ ಅಲ್ಲಿ ಗಂಟೆಗೆ 160 ಕಿಲೋಮೀಟರ್ ವೇಗದ ಬಿರುಗಾಳಿಯೂ ನಮ್ಮಲ್ಲಿ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದ ತಂಗಾಳಿಯಷ್ಟೇ ಹೊಡೆತ ಕೊಡುತ್ತದೆ. ರಾಶಿ ತೂರಲಿಕ್ಕೆ ಸಾಕು, ಮನುಷ್ಯನನ್ನು ಎತ್ತಿ ಒಗೆಯಲಿಕ್ಕೆ ಸಾಲದು. ಕಥೆ ಆರಂಭವಾಗಲು ಬಿರುಗಾಳಿ ಬೇಕಾಗಿತ್ತು. ಇದು ಆ ಚಿತ್ರ ಪಡೆದುಕೊಂಡ ವರ.

ಮಣ್ಣಿನ ವಿಷಯಕ್ಕೆ ಬಂದರೆ ಸಿಂಧನೂರಿನ ರೈತ ನಮಗಿಂತ ಒಳ್ಳೆಯ ಪರೀಕ್ಷಕ. ಕಾಲುವೆ ಪ್ರದೇಶದಲ್ಲಿ ನೀರು ಬಸಿಯದೆ ನಿಂತು, ಉಪ್ಪು ಮೇಲಕ್ಕೆ ಬಂದು ಹೊಲ ಸವಳಾಗುವುದನ್ನು ಅವನು ಕಂಡವನು. ‘ಆ ಮಣ್ಣು ಸವಳಿಲ್ಲವೇ?’ ಎಂದು ಅವನು ಕೇಳುತ್ತಾನೆ. ಪ್ರಶ್ನೆ ನೇರವಾಗಿ ಗುರಿಗೆ ಮುಟ್ಟುತ್ತದೆ. 2008ರಲ್ಲಿ ಮಂಗಳದ ಮೇಲಿಳಿದ ಫೀನಿಕ್ಸ್ ನೌಕೆ ಅಲ್ಲಿನ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ ಲವಣಗಳನ್ನು ಕಂಡಿತು. ಅವು ಗಿಡಕ್ಕೂ ಹಾನಿ, ತಿನ್ನುವವನ ಥೈರಾಯ್ಡ್ ಗ್ರಂಥಿಗೂ ಹಾನಿ. ನೀರಿನಲ್ಲಿ ಕರಗುವುದರಿಂದ ತೊಳೆದು ತೆಗೆಯಬಹುದು. ಸವಳು ಭೂಮಿಯ ಸುಧಾರಣೆಗೆ ನಾವು ಮಾಡುವುದೂ ಅದನ್ನೇ. ಆದರೆ ಅದಕ್ಕೆ ಧಾರಾಳ ನೀರು ಬೇಕು, ಬಸಿಗಾಲುವೆಯೂ ಬೇಕು. ನಾಯಕನ ಬಳಿ ಅಷ್ಟು ನೀರು ಎಲ್ಲಿತ್ತು?

ಇಲ್ಲಿ ಚಿತ್ರ ನಿಜವಾಗಿಯೂ ಒಳ್ಳೆಯ ವಿಜ್ಞಾನವನ್ನು ಹೇಳುತ್ತದೆ. ರಾಕೆಟ್ ಇಂಧನವಾದ ಹೈಡ್ರಜೀನನ್ನು ಇರಿಡಿಯಂ ಲೋಹದ ಮೇಲೆ ಹಾಯಿಸಿದರೆ ಅದು ನೈಟ್ರೋಜನ್ ಮತ್ತು ಹೈಡ್ರೋಜನ್ ಆಗಿ ಒಡೆಯುತ್ತದೆ. ಆ ಹೈಡ್ರೋಜನ್ ಉರಿದರೆ ನೀರು. ನಾಯಕ ಹೀಗೆಯೇ ನೀರು ಮಾಡುತ್ತಾನೆ, ಒಮ್ಮೆ ಸ್ಫೋಟಕ್ಕೂ ಸಿಕ್ಕುತ್ತಾನೆ. ಇರಿಡಿಯಂ ಇಲ್ಲಿ ವೇಗವರ್ಧಕ. ಉಪಗ್ರಹಗಳನ್ನು ಆಕಾಶದಲ್ಲಿ ಅತ್ತಿತ್ತ ತಿರುಗಿಸುವ ಚಿಕ್ಕ ಎಂಜಿನುಗಳಲ್ಲಿ ಅದರ ಕೆಲಸ ಇದೇ.

ಇರಿಡಿಯಂ ಎಂಬ ಹೆಸರನ್ನು ನೆನಪಿಡಿ. ಏಕೆಂದರೆ ಇದೇ ಹೆಸರು ಹಳ್ಳಿಗಳಿಗೆ ಇನ್ನೊಂದು ವೇಷದಲ್ಲಿ ಬಂದಿದೆ. ‘ರೈಸ್ ಪುಲ್ಲಿಂಗ್’ ಎಂಬ ವಂಚನೆಯ ಸುದ್ದಿಗಳನ್ನು ನೀವು ಓದಿರಬಹುದು. ಸಿಡಿಲು ಬಡಿದ ಹಳೆಯ ತಾಮ್ರದ ಚೊಂಬು, ಅದರಲ್ಲಿ ಇರಿಡಿಯಂ ಇದೆ, ಅದು ಅಕ್ಕಿಕಾಳನ್ನು ತನ್ನತ್ತ ಸೆಳೆಯುತ್ತದೆ, ವಿದೇಶದ ಬಾಹ್ಯಾಕಾಶ ಸಂಸ್ಥೆ ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತದೆ ಎಂದು ವಂಚಕರು ಹೇಳುತ್ತಾರೆ. ಪರೀಕ್ಷೆಗೆ ‘ವಿಜ್ಞಾನಿ’ ಬರಬೇಕು, ಅವರಿಗೆ ವಿಕಿರಣ ತಡೆಯುವ ಉಡುಪು ಬೇಕು, ಅದಕ್ಕೆ ಮೊದಲು ನೀವು ದುಡ್ಡು ಕೊಡಬೇಕು. 2018ರಲ್ಲಿ ದೆಹಲಿ ಪೊಲೀಸರು ಇಂಥದ್ದೇ ಒಂದು ಪ್ರಕರಣದಲ್ಲಿ ತಂದೆ ಮತ್ತು ಮಗನನ್ನು ಬಂಧಿಸಿದರು. ಒಬ್ಬ ವ್ಯಾಪಾರಿಯಿಂದ 1.43 ಕೋಟಿ ರೂಪಾಯಿ ಪಡೆದ ಆರೋಪ ಅವರ ಮೇಲಿತ್ತು.

ಇರಿಡಿಯಂ ಅಕ್ಕಿಯನ್ನು ಸೆಳೆಯುವುದಿಲ್ಲ. ಯಾವ ಲೋಹವೂ ಸೆಳೆಯುವುದಿಲ್ಲ. ಅಕ್ಕಿಯೊಳಗೆ ಕಬ್ಬಿಣದ ಪುಡಿ ಸೇರಿಸಿ ಚೊಂಬಿನಲ್ಲಿ ಅಯಸ್ಕಾಂತ ಅಡಗಿಸಿದರೆ ಆಟ ಮುಗಿಯಿತು. ಅಕ್ಕಿಯನ್ನು ನೀವೇ ನಿಮ್ಮ ಮನೆಯ ಡಬ್ಬಿಯಿಂದ ಒಯ್ದರೆ ಸಾಕು, ಆ ಚೊಂಬು ತಟ್ಟನೆ ಶಕ್ತಿ ಕಳೆದುಕೊಳ್ಳುತ್ತದೆ! ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಆ ಉಡುಪು, ಆ ಮೀಟರು, ಆ ಗಂಭೀರ ಮುಖ ಇವೆಲ್ಲ ಪ್ರಯೋಗಾಲಯದಿಂದ ಬಂದವಲ್ಲ. ಸಿನಿಮಾದಲ್ಲಿ ವಿಜ್ಞಾನ ಹೇಗೆ ಕಾಣುತ್ತದೆಯೋ ಹಾಗೆ ವಂಚಕ ವೇಷ ಕಟ್ಟುತ್ತಾನೆ. ತೆರೆಯ ಮೇಲೆ ಬಿಳಿ ಕೋಟನ್ನು ಪ್ರಶ್ನಿಸಿ ರೂಢಿಯಿಲ್ಲದವರು ಅಂಗಳದಲ್ಲಿ ಅದನ್ನು ಕಂಡಾಗಲೂ ಪ್ರಶ್ನಿಸುವುದಿಲ್ಲ. ನಮ್ಮ ವಿಷಯಕ್ಕೆ ತೂಕ ಬರುವುದು ಇಲ್ಲಿ.

ಈಗ ಮಸ್ಕಿಗೆ ಬರೋಣ. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿದ ‘ಆದಿತ್ಯ 369’ (1991) ತೆಲುಗು ಚಿತ್ರದಲ್ಲಿ ಕಾಲಯಂತ್ರವೊಂದು ನಾಯಕನನ್ನು ಶ್ರೀಕೃಷ್ಣದೇವರಾಯನ ಕಾಲಕ್ಕೆ ಕರೆದೊಯ್ಯುತ್ತದೆ. ಕೃಷ್ಣದೇವರಾಯ ಈ ನೆಲಕ್ಕೆ ಹೊಸಬನಲ್ಲ. 1520ರಲ್ಲಿ ರಾಯಚೂರು ಕೋಟೆಗಾಗಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೊಡನೆ ಕಾದಿ ಗೆದ್ದವನು.

ಕಾಲದಲ್ಲಿ ಪ್ರಯಾಣ ಸಾಧ್ಯವೇ? ಮುಂದಕ್ಕೆ ಹೋಗುವ ಮಾತಿಗೆ ಭೌತಶಾಸ್ತ್ರ ಒಪ್ಪುತ್ತದೆ. ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗುತ್ತದೆ, ಗುರುತ್ವ ಹೆಚ್ಚಿರುವಲ್ಲಿಯೂ ಗಡಿಯಾರ ನಿಧಾನವಾಗುತ್ತದೆ ಎಂದು ಐನ್‌ಸ್ಟೈನ್ ತೋರಿಸಿದರು. ನಿಮ್ಮ ಫೋನಿಗೆ ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹಗಳ ಗಡಿಯಾರ ಈ ಎರಡೂ ಕಾರಣ ಸೇರಿ ದಿನಕ್ಕೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 38 ಪಾಲು ಮುಂದೆ ಓಡುತ್ತದೆ. ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಸ್ಥಾನದ ಲೆಕ್ಕ ಸುಮಾರು ಹತ್ತು ಕಿಲೋಮೀಟರ್ ತಪ್ಪುತ್ತದೆ. ‘ಇಂಟರ್‌ಸ್ಟೆಲ್ಲರ್’ (2014) ಚಿತ್ರ ಇದೇ ತತ್ವವನ್ನು ಕೃಷ್ಣರಂಧ್ರದ ಬಳಿಗೆ ಒಯ್ದಿತು. ಅದಕ್ಕೆ ಸಲಹೆಗಾರರಾಗಿದ್ದ ಕಿಪ್ ಥಾರ್ನ್ 2017ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಹಿಂದಕ್ಕೆ ಹೋಗುವ ದಾರಿಯನ್ನು ಮಾತ್ರ ಈವರೆಗೆ ಯಾರೂ ಕಂಡಿಲ್ಲ. ಹೋಗಲಿ, ಅದನ್ನು ವರವೆಂದು ಒಪ್ಪೋಣ. ಆಗಲೂ ಎರಡು ಪ್ರಶ್ನೆಗಳು ಉಳಿಯುತ್ತವೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡುತ್ತಿದೆ. ಒಂದು ದಿನಕ್ಕೆ 25 ಲಕ್ಷ ಕಿಲೋಮೀಟರಿಗೂ ಹೆಚ್ಚು. ಯಂತ್ರ ಸೂರ್ಯನ ಲೆಕ್ಕದಲ್ಲಿ ಇದ್ದಲ್ಲೇ ಇದ್ದು ಕೇವಲ ಒಂದು ದಿನ ಹಿಂದೆ ಸರಿದರೂ ಅಲ್ಲಿ ಭೂಮಿ ಇರುವುದಿಲ್ಲ. ಆದ್ದರಿಂದ ಒಳ್ಳೆಯ ಕಾಲಯಂತ್ರ ಒಳ್ಳೆಯ ಆಕಾಶನೌಕೆಯೂ ಆಗಿರಬೇಕು.

ಎರಡನೆಯದು ಊಟದ ಪ್ರಶ್ನೆ. ಕಾಲಯಂತ್ರದಲ್ಲಿ ಕುಳಿತು ಕ್ರಿಸ್ತಪೂರ್ವ ಮೂರನೆಯ ಶತಮಾನದ ಮಸ್ಕಿಗೆ ಹೋದಿರಿ ಎನ್ನೋಣ. ಹಸಿವಾಯಿತು. ಮಂಡಾಳೊಗ್ಗರಣೆಯ ಜೊತೆ ಮಿರ್ಚಿ ಸಿಗುತ್ತದೆಯೇ? ಇಲ್ಲ. ಮೆಣಸಿನಕಾಯಿ, ಶೇಂಗಾ, ಟೊಮೇಟೊ, ಆಲೂಗಡ್ಡೆ, ಮೆಕ್ಕೆಜೋಳ ಇವೆಲ್ಲ ಅಮೆರಿಕ ಖಂಡಗಳ ಬೆಳೆಗಳು. ಯುರೋಪಿನ ಹಡಗುಗಳು ಆ ಖಂಡಗಳನ್ನು ಮುಟ್ಟಿದ ಮೇಲೆ, ಹದಿನಾರನೆಯ ಶತಮಾನದಿಂದ ಈಚೆಗೆ ನಮ್ಮಲ್ಲಿಗೆ ಬಂದವು. ಮಾತಾದರೂ ತಿಳಿಯುತ್ತದೆಯೇ? ಅಲ್ಲಿನ ಬಂಡೆಯ ಮೇಲಿನ ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕನ್ನಡದ ಹಲ್ಮಿಡಿ ಶಾಸನಕ್ಕೆ ಇನ್ನೂ ಆರೇಳು ನೂರು ವರ್ಷ ಕಾಯಬೇಕು. ನಿಖರತೆ ಎಂಬುದು ಯಂತ್ರದ ವಿಷಯ ಮಾತ್ರವಲ್ಲ. ಅದು ಅಡುಗೆಮನೆಯ ವಿಷಯವೂ ಹೌದು, ನಾಲಿಗೆಯ ವಿಷಯವೂ ಹೌದು.

ಮಸ್ಕಿಯ ಆ ಬಂಡೆ ಇನ್ನೊಂದು ಪಾಠವನ್ನೂ ಹೇಳುತ್ತದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ದೇಶದ ನಾನಾ ಕಡೆಯ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಕಂಡವು. ಶ್ರೀಲಂಕಾದ ಗ್ರಂಥಗಳ ನೆರವಿನಿಂದ ವಿದ್ವಾಂಸರು ಇವನೇ ಅಶೋಕ ಎಂದು ನಿರ್ಧರಿಸಿದರು. ಆದರೆ ಶಾಸನದಲ್ಲಿ ಅಶೋಕ ಎಂಬ ಹೆಸರು ನೇರವಾಗಿ ಸಿಗಲಿಲ್ಲ. 78 ವರ್ಷಗಳ ಅನಂತರ, 1915ರಲ್ಲಿ, ಚಿನ್ನದ ಅದಿರು ಹುಡುಕುತ್ತಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯಲ್ಲಿ ಒಂದು ಶಾಸನವನ್ನು ಕಂಡರು. ಅದರಲ್ಲಿ ದೇವಾನಾಂಪ್ರಿಯ ಎಂಬುದರ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು! ಎಷ್ಟೇ ಬಲವಾದ ಊಹೆಯಾದರೂ ಸಾಕ್ಷಿಗಾಗಿ ಬಾಗಿಲು ತೆರೆದು ಕಾಯುತ್ತದೆ. ವಿಜ್ಞಾನ ನಡೆಯುವುದೂ ಹೀಗೆಯೇ. ಸಿನಿಮಾದ ವಿಜ್ಞಾನಿ ಒಂದೇ ರಾತ್ರಿಯಲ್ಲಿ ‘ಸಿಕ್ಕಿತು!’ ಎಂದು ಕೂಗುತ್ತಾನೆ. ತೆರೆಯ ಮೇಲಿನ ತಪ್ಪುಗಳಲ್ಲಿ ಅತಿ ದೊಡ್ಡದು ಬಹುಶಃ ಇದೇ.

ಬೀಡನ್ ಹುಡುಕುತ್ತಿದ್ದ ಚಿನ್ನದ ಜಾಡು ಹಿಡಿದು ಲಿಂಗಸುಗೂರಿಗೆ ಹೋಗೋಣ. ಅದೇ ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಕನ್ನಡಕ್ಕೆ ಹೊಸ ಬಗೆಯ ಪತ್ತೇದಾರಿ ಚಿತ್ರಗಳನ್ನು ಕೊಟ್ಟ ದೊರೆ-ಭಗವಾನ್ ಜೋಡಿಯ ‘ಜೇಡರ ಬಲೆ’ ಬಂದದ್ದು ಕ್ಯೂಬ್ರಿಕ್ಕರ ಚಿತ್ರ ಬಂದ 1968ರಲ್ಲಿಯೇ. ಡಾ. ರಾಜ್‌ಕುಮಾರ್ ಅದರಲ್ಲಿ ಸಿ.ಐ.ಡಿ. 999. ಎಲ್ಲರೂ ಬೆನ್ನು ಹತ್ತುವ ವಸ್ತು ಯಾವುದು? ಸಾಮಾನ್ಯ ಲೋಹವನ್ನು ಚಿನ್ನ ಮಾಡುವ ವಿಜ್ಞಾನಿಯ ಸೂತ್ರ. ಚಿತ್ರ ಪತ್ತೇದಾರಿಯದಾದರೂ ಕಥೆಯ ತಿರುಳಿನಲ್ಲಿ ಇರುವುದು ವಿಜ್ಞಾನದ ಕಲ್ಪನೆ.

ಇದು ಸಾಧ್ಯವೇ? ಉತ್ತರ ಸ್ವಾರಸ್ಯಕರವಾಗಿದೆ: ಸಾಧ್ಯ, ಆದರೆ ಸೂತ್ರದಿಂದಲ್ಲ. ಒಂದು ಧಾತು ಯಾವುದು ಎಂಬುದನ್ನು ನಿರ್ಧರಿಸುವುದು ಪರಮಾಣುವಿನ ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನುಗಳ ಸಂಖ್ಯೆ. ಚಿನ್ನಕ್ಕೆ 79, ಪಾದರಸಕ್ಕೆ 80, ಸೀಸಕ್ಕೆ 82. ರಾಸಾಯನಿಕ ಕ್ರಿಯೆಗಳು ಹೊರಗಿನ ಎಲೆಕ್ಟ್ರಾನುಗಳನ್ನು ಮಾತ್ರ ಮುಟ್ಟುತ್ತವೆ, ನ್ಯೂಕ್ಲಿಯಸ್ಸನ್ನು ಮುಟ್ಟುವುದಿಲ್ಲ. ಕುದಿಸಿ, ಕರಗಿಸಿ, ಬೆರೆಸಿ ಏನು ಮಾಡಿದರೂ 82 ಎಂಬುದು 79 ಆಗುವುದಿಲ್ಲ. ಅದಕ್ಕೆ ಲಕ್ಷಾಂತರ ಪಟ್ಟು ಹೆಚ್ಚಿನ ಶಕ್ತಿ ಬೇಕು.

ಆ ಶಕ್ತಿ ಇರುವ ಕಡೆ ಚಿನ್ನ ಆಗಿದೆ. 1980ರಲ್ಲಿ ಅಮೆರಿಕದ ಗ್ಲೆನ್ ಸೀಬೋರ್ಗ್ ಮತ್ತು ಸಂಗಡಿಗರು ಬಿಸ್ಮತ್ ಧಾತುವಿನಿಂದ ಅತ್ಯಲ್ಪ ಚಿನ್ನ ಮಾಡಿದರು. 2025ರ ಮೇ ತಿಂಗಳಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯ ‘ಆಲಿಸ್’ ಪ್ರಯೋಗದ ವಿಜ್ಞಾನಿಗಳು ಇನ್ನೊಂದು ಲೆಕ್ಕವನ್ನು ಪ್ರಕಟಿಸಿದರು. ಬೆಳಕಿನ ವೇಗಕ್ಕೆ ತೀರ ಸಮೀಪದಲ್ಲಿ ಓಡುವ ಎರಡು ಸೀಸದ ನ್ಯೂಕ್ಲಿಯಸ್ಸುಗಳು ಒಂದರ ಪಕ್ಕದಲ್ಲಿ ಒಂದು ಸವರಿಕೊಂಡು ಹೋದಾಗ, ಕೆಲವೊಮ್ಮೆ ಮೂರು ಪ್ರೋಟಾನುಗಳು ಕಳಚಿಕೊಳ್ಳುತ್ತವೆ. 82ರಲ್ಲಿ 3 ಕಳೆಯಿರಿ. ಚಿನ್ನ! 2015ರಿಂದ 2018ರವರೆಗಿನ ಪ್ರಯೋಗಗಳಲ್ಲಿ ಹೀಗೆ 8,600 ಕೋಟಿ ಚಿನ್ನದ ನ್ಯೂಕ್ಲಿಯಸ್ಸುಗಳು ಹುಟ್ಟಿದವು. ಅವೆಲ್ಲದರ ತೂಕ 29 ಪಿಕೊಗ್ರಾಮ್. ಒಂದು ಪಿಕೊಗ್ರಾಮ್ ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಆ ನ್ಯೂಕ್ಲಿಯಸ್ಸುಗಳೂ ಕ್ಷಣಮಾತ್ರದಲ್ಲಿ ಯಂತ್ರದ ಗೋಡೆಗೆ ಬಡಿದು ಚೂರಾದವು.

ಕಾಗದ ತೆಗೆದುಕೊಂಡು ನೀವೇ ಲೆಕ್ಕ ಮಾಡಿ. ನಾಲ್ಕು ವರ್ಷಕ್ಕೆ 29 ಪಿಕೊಗ್ರಾಮ್ ಆದರೆ ಒಂದು ಗ್ರಾಮ್ ಚಿನ್ನಕ್ಕೆ ಎಷ್ಟು ವರ್ಷ? ಸುಮಾರು 13,800 ಕೋಟಿ ವರ್ಷ. ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ. ಅದರ ಹತ್ತು ಪಟ್ಟು!

ಹಾಗಾದರೆ ಹಟ್ಟಿಯ ಚಿನ್ನವನ್ನು ಮಾಡಿದವರು ಯಾರು? 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಾದ ಘಟನೆಯ ಗುರುತ್ವ ಅಲೆಗಳು ಭೂಮಿಯನ್ನು ಮುಟ್ಟಿದವು. ಚಿನ್ನದಂಥ ಭಾರವಾದ ಧಾತುಗಳು ಅಂಥ ವಿಲೀನಗಳಲ್ಲಿ ರೂಪುಗೊಳ್ಳುತ್ತವೆ ಎಂಬುದಕ್ಕೆ ಆ ಬೆಳಕಿನಲ್ಲಿ ಬಲವಾದ ಸಾಕ್ಷಿ ಸಿಕ್ಕಿತು. ನಿಮ್ಮ ತಾಯಿಯ ಕಿವಿಯೋಲೆಯ ಚಿನ್ನ ಭೂಮಿಗಿಂತ ಹಳೆಯದು. ಹಟ್ಟಿಯಲ್ಲಿ ಅದನ್ನು ಯಾರೂ ತಯಾರಿಸುವುದಿಲ್ಲ, ಕಲ್ಲಿನಿಂದ ಬೇರ್ಪಡಿಸುತ್ತಾರೆ, ಅಷ್ಟೆ. ಒಂದು ಟನ್ ಅದಿರನ್ನು ಪುಡಿಮಾಡಿ, ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದರೆ ಸಿಗುವುದು ಕೆಲವೇ ಗ್ರಾಮ್. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಇಲ್ಲಿನ ಜನ ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ, ನೀರೆರಚಿ ಸೀಳಿಸಿ, 600 ಅಡಿಗೂ ಆಳಕ್ಕೆ ಇಳಿದಿದ್ದರು. ಯಾವ ಚಿತ್ರಕಥೆಗೆ ಇದು ಕಡಿಮೆ ಹೇಳಿ?

ಚಿನ್ನದ ‘ಸೂತ್ರ’ದ ಕಥೆಯೂ ಅಂಗಳಕ್ಕೆ ಬರುತ್ತದೆ. ಆಭರಣಕ್ಕೆ ಹೊಳಪು ಕೊಡುತ್ತೇವೆ ಎಂದು ಬಂದವರು ಬಳೆಯನ್ನು ಒಂದು ದ್ರಾವಣದಲ್ಲಿ ಅದ್ದಿ, ಫಳಫಳ ಹೊಳೆಯುವಂತೆ ಮಾಡಿ ಹಿಂದಿರುಗಿಸುತ್ತಾರೆ. ಆ ದ್ರಾವಣ ಹಲವು ಬಾರಿ ಆಕ್ವಾ ರೀಜಿಯಾ ಆಗಿರುತ್ತದೆ: ಒಂದು ಪಾಲು ನೈಟ್ರಿಕ್ ಆಮ್ಲಕ್ಕೆ ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲ. ಚಿನ್ನ ಅದರಲ್ಲಿ ಕರಗುತ್ತದೆ. ಹೊಳಪು ನಿಮಗೆ, ಕರಗಿದ ಚಿನ್ನ ಅವರಿಗೆ. ದ್ರವ್ಯರಾಶಿ ಎಲ್ಲಿಯೂ ಮಾಯವಾಗುವುದಿಲ್ಲ ಎಂಬ ಪಾಠವನ್ನು ಓದಿದವರು ಮೊದಲೇ ಒಮ್ಮೆ ಬಳೆಯನ್ನು ತೂಗುತ್ತಾರೆ, ಕೊನೆಗೆ ಇನ್ನೊಮ್ಮೆ ತೂಗುತ್ತಾರೆ. ತಕ್ಕಡಿ ಕಂಡ ಕೂಡಲೇ ಬಂದವರು ಬೇರೆ ಓಣಿ ಹುಡುಕುತ್ತಾರೆ.

ಮಿತ್ರರೇ, ಇನ್ನು ಮುಂದೆ ಇಂಥ ಚಿತ್ರ ನೋಡಿ ಬಂದಾಗ ಗೆಳೆಯರೊಡನೆ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಿ. ಈ ಕಥೆ ಕೇಳಿದ ವರ ಯಾವುದು? ಆ ವರ ನಿಜವಾದರೆ ಮುಂದೆ ಏನೇನು ಆಗಬೇಕಿತ್ತು? ಅದಕ್ಕೆ ಎಷ್ಟು ಬೇಕು: ಎಷ್ಟು ಶಕ್ತಿ, ಎಷ್ಟು ನೀರು, ಎಷ್ಟು ಕಾಲ? ಉತ್ತರಕ್ಕಾಗಿ ನಿಮ್ಮ ಪಠ್ಯಪುಸ್ತಕವನ್ನು ನೋಡಿ, ಗುರುಗಳನ್ನು ಕೇಳಿ, ಹೊಲದಲ್ಲಿ ದುಡಿಯುವವರನ್ನೂ ಗಣಿಯಲ್ಲಿ ಇಳಿಯುವವರನ್ನೂ ಕೇಳಿ. ಚಿತ್ರ ನೋಡುವಾಗ ಮಾತ್ರ ಪಕ್ಕದವರಿಗೆ ತೊಂದರೆ ಕೊಡಬೇಡಿ. ಪ್ರಶ್ನೆಗಳು ಚಿತ್ರ ಮುಗಿಯುವ ತನಕ ಕಾಯುತ್ತವೆ.

ಚಿತ್ರಕಾರನಿಗೆ ಕಲ್ಪನೆಯ ಹಕ್ಕು ಇದೆ. ಅದನ್ನು ಕಿತ್ತುಕೊಳ್ಳುವುದು ಬೇಡ. ಆದರೆ ಬಿಳಿ ಕೋಟು ತೊಟ್ಟವರು ತೆರೆಯ ಮೇಲಿರಲಿ, ಮನೆಯ ಬಾಗಿಲಲ್ಲಿರಲಿ, ‘ಎಷ್ಟು? ಹೇಗೆ? ಸಾಕ್ಷಿ ಎಲ್ಲಿ?’ ಎಂದು ಕೇಳುವ ಹಕ್ಕು ನಿಮ್ಮದು. ಆ ಹಕ್ಕನ್ನು ಬಿಟ್ಟುಕೊಡಬೇಡಿ.